ಚಂದ್ರಲೋಕದ ಓಲೆಕಾರ

2023ನೆಯ ಇಸವಿಯ ಆಗಸ್ಟ್ 21, ಸೋಮವಾರ. ಅಂದು ನಾಗರ ಪಂಚಮಿ. ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳ ಸೀಮೆಯಲ್ಲಿ ಪಂಚಮಿಯೆಂದರೆ ಹೆಣ್ಣುಮಕ್ಕಳ ಹಬ್ಬ. ಗಂಡನ ಮನೆಯಲ್ಲಿರುವ ತಂಗಿಯನ್ನು ಕರೆತರಲು ಅಣ್ಣನು ಹೋಗಬೇಕು. ಮನೆಯಲ್ಲಿ ಉಂಡಿ ಕಟ್ಟಬೇಕು. ಊರ ಮುಂದಿನ ಮರಕ್ಕೆ ಜೋಕಾಲಿ ಹಾಕಬೇಕು. ಆ ವರುಷ ಆಗಸ್ಟಿನ ಮಳೆ ಕೈಕೊಟ್ಟಿತ್ತು. ಗೋವಿನಜೋಳದ ಹೊಲಗಳು ಮುಗಿಲನ್ನೇ ನೋಡುತ್ತಿದ್ದವು. ಆದರೂ ಹಬ್ಬವು ಹಬ್ಬವೇ. ಜೋಕಾಲಿಗಳು ತೂಗದೆ ಇರಲಿಲ್ಲ.

ಅದೇ ದಿನ, ಭೂಮಿಯಿಂದ ನಾಲ್ಕು ಲಕ್ಷ ಕಿಲೋಮೀಟರಿಗೆ ತುಸು ಕಡಮೆಯ ದೂರದಲ್ಲಿ, ಬೇರೊಂದು ಬಗೆಯ ಎದುರುಗೊಳ್ಳುವಿಕೆ ನಡೆಯಿತು. 2019ರಿಂದ ಚಂದ್ರನನ್ನು ಏಕಾಂಗಿಯಾಗಿ ಸುತ್ತುತ್ತಿದ್ದ ಚಂದ್ರಯಾನ-2ರ ಕಕ್ಷಾನೌಕೆಯು, ಹೊಸದಾಗಿ ಬಂದ ಚಂದ್ರಯಾನ-3ರ ಲ್ಯಾಂಡರನ್ನು ರೇಡಿಯೊ ಮೂಲಕ ಮಾತನಾಡಿಸಿತು. ಲ್ಯಾಂಡರು ಮಾರುತ್ತರ ಕೊಟ್ಟಿತು. ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯು ಈ ಸುದ್ದಿಯನ್ನು ಲೋಕಕ್ಕೆ ತಿಳಿಸುವಾಗ, ಹಳೆಯ ನೌಕೆಯು ಹೊಸತನ್ನು ಗೆಳೆಯನೆಂದು ಕರೆದು ಸ್ವಾಗತಿಸಿತೆಂದು ಸಲಿಗೆಯ ಇಂಗ್ಲಿಷಿನಲ್ಲಿ ಬರೆಯಿತು. ಪಂಚಮಿಯ ದಿನ ಆ ಸುದ್ದಿಯನ್ನು ಓದಿದ ಈ ಸೀಮೆಯ ಜನರಿಗೆ ಅದು ಗೆಳೆಯನ ಮಾತಿಗಿಂತ ಅಣ್ಣನ ಮಾತಿನಂತೆ ಕೇಳಿಸಿದ್ದರೆ ಅಚ್ಚರಿಯಿಲ್ಲ.

ಇದು ಬರಿಯ ಸೌಜನ್ಯದ ಮಾತಾಗಿರಲಿಲ್ಲ. ಆ ಮಾರುತ್ತರ ಬಂದ ಗಳಿಗೆಯಿಂದ, ಚಂದ್ರನ ಮೇಲೆ ಇಳಿಯಲಿದ್ದ ಯಂತ್ರದೊಡನೆ ಮಾತನಾಡಲು ಬೆಂಗಳೂರಿಗೆ ಒಂದಲ್ಲ, ಎರಡು ದಾರಿಗಳಾದವು. ಒಂದು ನೇರವಾದ ದಾರಿ. ಇನ್ನೊಂದು ಅಣ್ಣನ ಮೂಲಕ ಸಾಗುವ ದಾರಿ. ನೇರವಾದುದು ಮುರಿದುಬಿದ್ದರೆ ಬಳಸಿನ ದಾರಿಯಾದರೂ ಉಳಿಯಬೇಕೆಂಬುದು ಎಂಜಿನಿಯರರ ಎಣಿಕೆ. ಈ ಬಳಸಿನ ದಾರಿಯ ಕಥೆ ವಾಚಕರು ತಿಳಿಯತಕ್ಕದ್ದು. ಏಕೆಂದರೆ ಇಳಿದ ನೌಕೆಗಳ ಕೀರ್ತಿಯನ್ನು ಹಾಡುವವರು ಬಹಳ, ಅವುಗಳ ಮಾತನ್ನು ಹೊತ್ತು ತರುವವರನ್ನು ನೆನೆಯುವವರು ಕಡಮೆ.

ಹಾವೇರಿ ಸೀಮೆಯಲ್ಲಿ ಓಲೇಕಾರ, ವಾಲೀಕಾರ ಎಂಬ ಮನೆತನದ ಹೆಸರುಗಳು ಇಂದಿಗೂ ಉಂಟು. ಓಲೆಯನ್ನು ಹೊತ್ತು ಒಬ್ಬರಿಂದ ಮತ್ತೊಬ್ಬರಿಗೆ ಮುಟ್ಟಿಸುವವನೇ ಓಲೆಕಾರ. ಅವನು ಓಲೆಯನ್ನು ಬರೆದವನಲ್ಲ, ಓದುವವನೂ ಅಲ್ಲ. ಆದರೆ ಅವನು ನಡುದಾರಿಯಲ್ಲಿ ಹಳ್ಳಕ್ಕೆ ಬಿದ್ದರೆ ಬರೆದವನ ಶ್ರಮವೂ ಓದಬೇಕಾದವನ ಕಾತರವೂ ಒಟ್ಟಿಗೆ ಮುಳುಗಿದಂತೆಯೆ. ಇಲ್ಲಿಯ ಚರಿತ್ರೆಯಿಂದಲೇ ಇನ್ನೊಂದು ನಿದರ್ಶನವನ್ನು ಕೊಡಬಹುದು. ಸವಣೂರು 1948ರವರೆಗೆ ನವಾಬರ ಸಂಸ್ಥಾನವಾಗಿತ್ತು. ಆಂಗ್ಲರ ಕಾಲದಲ್ಲಿ ನವಾಬರಿಗೂ ಮುಂಬಯಿ ಸರಕಾರಕ್ಕೂ ನಡುವಣ ವ್ಯವಹಾರವು ಧಾರವಾಡದ ಕಲೆಕ್ಟರರ ಕೈಯಿಂದ ಹಾಯ್ದು ಹೋಗಬೇಕಾಗಿತ್ತು. ಕಲೆಕ್ಟರರೇ ಆ ಸಂಸ್ಥಾನದ ಪೊಲಿಟಿಕಲ್ ಏಜಂಟರು. ಚಿಕ್ಕ ಸಂಸ್ಥಾನದ ದನಿ ದೂರದ ಮುಂಬಯಿಗೆ ಕೇಳಿಸಬೇಕಾದರೆ ಹತ್ತಿರದ ಧಾರವಾಡದಲ್ಲಿ ದೊಡ್ಡ ದನಿಯವನೊಬ್ಬನು ಬೇಕು. ಅಲ್ಲಿ ಕಾರಣವು ರಾಜಕೀಯದ್ದು. ಆಕಾಶದಲ್ಲಿ ಕಾರಣವು ಭೌತಶಾಸ್ತ್ರದ್ದು. ಏರ್ಪಾಟು ಮಾತ್ರ ಒಂದೇ.

ಭೌತಶಾಸ್ತ್ರದ ಆ ಕಾರಣ ಬಲು ಸರಳವಾದುದು, ಬಲು ನಿರ್ದಯವಾದುದೂ ಹೌದು. ರೇಡಿಯೊ ಅಲೆಯು ಹೊರಟ ಸ್ಥಳದಿಂದ ದೂರ ಸರಿದಂತೆ ಹರಡಿಕೊಳ್ಳುತ್ತದೆ. ದೂರವು ಇಮ್ಮಡಿಯಾದರೆ ಅದರ ಬಲವು ನಾಲ್ಕರಲ್ಲಿ ಒಂದು ಪಾಲಾಗುತ್ತದೆ, ದೂರವು ಹತ್ತುಮಡಿಯಾದರೆ ನೂರರಲ್ಲಿ ಒಂದು ಪಾಲು. ಚಂದ್ರನ ನೆಲದ ಮೇಲಿರುವ ಯಂತ್ರಕ್ಕೆ, ನೆತ್ತಿಯ ಮೇಲೆ 100 ಕಿಲೋಮೀಟರು ಎತ್ತರದಲ್ಲಿ ಹಾಯುವ ಕಕ್ಷಾನೌಕೆ ಎಷ್ಟು ಹತ್ತಿರ, 3,84,400 ಕಿಲೋಮೀಟರು ದೂರದ ಭೂಮಿ ಎಷ್ಟು ದೂರ! ಅದೇ ದನಿಯು ಕಕ್ಷಾನೌಕೆಯನ್ನು ಮುಟ್ಟುವಾಗ ಇರುವ ಬಲವು ಭೂಮಿಯನ್ನು ಮುಟ್ಟುವಾಗಿನ ಬಲಕ್ಕಿಂತ ಸುಮಾರು ಒಂದೂವರೆ ಕೋಟಿ ಪಟ್ಟು ಹೆಚ್ಚು. ಮಂಗಳನ ವಿಷಯಕ್ಕೆ ಬಂದರೆ ಲೆಕ್ಕವು ಎಣಿಕೆಯ ಹದವನ್ನೇ ಮೀರುತ್ತದೆ. ಮಂಗಳವು ಭೂಮಿಯಿಂದ 40 ಕೋಟಿ ಕಿಲೋಮೀಟರು ದೂರ ಸರಿದಿರುವ ಕಾಲದಲ್ಲಿ, 400 ಕಿಲೋಮೀಟರು ಎತ್ತರದ ಕಕ್ಷಾನೌಕೆಗೂ ಭೂಮಿಗೂ ಕೇಳಿಸುವ ದನಿಗಳ ಅಂತರವು ಒಂದು ಲಕ್ಷ ಕೋಟಿ ಪಟ್ಟು.

ಈ ಅಂತರವನ್ನು ತುಂಬಲು ಎರಡೇ ಉಪಾಯಗಳು: ಮಾತನಾಡುವವನು ದೊಡ್ಡ ಬಾಯಿ ಪಡೆಯಬೇಕು, ಇಲ್ಲವೇ ಕೇಳುವವನು ದೊಡ್ಡ ಕಿವಿ ಪಡೆಯಬೇಕು. ಇಳಿಯುವ ಯಂತ್ರವು ಒಂದೊಂದು ಗ್ರಾಮಿನ ಭಾರಕ್ಕೂ ಲೆಕ್ಕ ಒಪ್ಪಿಸಬೇಕಾದ ಬಡವ. ದೊಡ್ಡ ಬಾಯಿಯನ್ನು ಹೊರುವ ಶಕ್ತಿ ಅದಕ್ಕಿಲ್ಲ. ಆದುದರಿಂದ ಭೂಮಿಯ ಮೇಲೆ ದೊಡ್ಡ ಕಿವಿಗಳನ್ನು ಕಟ್ಟಿದರು. ಅವುಗಳಲ್ಲಿ ಒಂದು ಕನ್ನಡ ನಾಡಿನಲ್ಲಿಯೇ ಇದೆ. ಬೆಂಗಳೂರಿನಿಂದ ಸುಮಾರು 40 ಕಿಲೋಮೀಟರು ದೂರದ ಬ್ಯಾಲಾಳು ಎಂಬ ಹಳ್ಳಿಯ ಬಳಿ, ಸುತ್ತಲಿನ ದಿಣ್ಣೆಗಳು ಊರುಗಳ ರೇಡಿಯೊ ಗದ್ದಲವನ್ನು ತಡೆಯುವಂತಹ ಬಟ್ಟಲಿನಾಕಾರದ ತಗ್ಗಿನಲ್ಲಿ, 32 ಮೀಟರು ಅಗಲದ, ಎಂದರೆ ಸುಮಾರು 105 ಅಡಿ ಅಗಲದ ಆಂಟೆನಾ ಆಕಾಶಕ್ಕೆ ಮುಖ ಮಾಡಿ ನಿಂತಿದೆ. ಅದರ ಜೊತೆಗೆ 18 ಮೀಟರಿನ ತಮ್ಮನೊಬ್ಬನಿದ್ದಾನೆ. 2008ರಲ್ಲಿ ಚಂದ್ರಯಾನ-1ಕ್ಕಾಗಿ ಸಿದ್ಧವಾದ ಸ್ಥಳವಿದು. ಇಲ್ಲಿ ಕೇಳಿಸಿದುದು ಬೆಂಗಳೂರಿನ ಪೀಣ್ಯದಲ್ಲಿರುವ ನಿಯಂತ್ರಣ ಕೇಂದ್ರಕ್ಕೆ ಹೋಗುತ್ತದೆ.

ಚಂದ್ರನ ನೆಲದತ್ತ ಹೊರಟ ಯಂತ್ರವೊಂದರ ಮಾತನ್ನು ಕಕ್ಷಾನೌಕೆಯು ಹೊತ್ತು ತಂದ ಭಾರತದ ಮೊದಲ ಪ್ರಸಂಗವೂ ಆ ವರುಷದ್ದೇ. ಇದನ್ನು ಬಹುಮಂದಿ ಮರೆತಿದ್ದಾರೆ. 2008ರ ನವೆಂಬರ್ 14ರ ರಾತ್ರಿ ಚಂದ್ರಯಾನ-1 ತನ್ನ ಮಡಿಲಿನಿಂದ ಸುಮಾರು 35 ಕಿಲೋಗ್ರಾಮು ತೂಕದ ಪೆಟ್ಟಿಗೆಯೊಂದನ್ನು ಚಂದ್ರನ ಮೇಲಕ್ಕೆ ಬಿಟ್ಟಿತು. ಅದರ ಮೈಮೇಲೆ ತ್ರಿವರ್ಣ ಧ್ವಜವಿತ್ತು. ಅದು ಮೆಲ್ಲನೆ ಇಳಿಯತಕ್ಕ ಯಂತ್ರವಲ್ಲ. ಬಡಿದು ಚೂರಾಗಲೆಂದೇ ಹುಟ್ಟಿದ್ದು. ಅದಕ್ಕಿದ್ದ ಆಯುಸ್ಸು ಸುಮಾರು 25 ನಿಮಿಷ. ಆ 25 ನಿಮಿಷಗಳಲ್ಲಿ ಅದು ಬೀಳುತ್ತ ಬೀಳುತ್ತಲೇ ಚಿತ್ರ ತೆಗೆಯಿತು, ಎತ್ತರ ಅಳೆಯಿತು, ಚಂದ್ರನ ಅತಿ ವಿರಳವಾದ ವಾತಾವರಣವನ್ನು ಮೂಸಿ ನೋಡಿತು. ನೋಡಿದುದನ್ನೆಲ್ಲ ಮೇಲೆ ಸಾಗುತ್ತಿದ್ದ ತಾಯಿನೌಕೆಗೆ ಒಪ್ಪಿಸಿತು. ತಾಯಿನೌಕೆಯು ಅದನ್ನು ತನ್ನ ನೆನಪಿನ ಪೆಟ್ಟಿಗೆಯಲ್ಲಿಟ್ಟುಕೊಂಡು ಅನಂತರ ಭೂಮಿಗೆ ತಲುಪಿಸಿತು. ಆ ಮೂಸಿ ನೋಡಿದ ಉಪಕರಣದ ಲೆಕ್ಕದಲ್ಲಿ ನೀರಿನ ಸುಳಿವಿತ್ತು. ಪೆಟ್ಟಿಗೆಯು ನೆಲಕ್ಕೆ ಬಡಿದು ಇಲ್ಲವಾಗಿತ್ತು. ಅದರ ಮಾತು ಮಾತ್ರ ಉಳಿಯಿತು. ಸತ್ತವನ ಕೊನೆಯ ಮಾತನ್ನು ಮನೆಗೆ ಮುಟ್ಟಿಸುವ ಕೆಲಸ ಓಲೆಕಾರನ ಪಾಲಿಗೆ ಬರುವುದುಂಟು.

ಇಷ್ಟರಿಂದ ಈ ಕೆಲಸವು ಸುಲಭವೆಂದು ಯಾರೂ ಭಾವಿಸಬಾರದು. ಚಂದ್ರನಿಂದ 100 ಕಿಲೋಮೀಟರು ಎತ್ತರದಲ್ಲಿರುವ ಕಕ್ಷಾನೌಕೆಯು ಸುಮಾರು ಎರಡು ತಾಸಿಗೆ ಒಂದು ಸುತ್ತು ಬರುತ್ತದೆ. ನೆಲದ ಮೇಲೆ ನಿಂತ ಯಂತ್ರದ ದೃಷ್ಟಿಯಿಂದ ನೋಡಿದರೆ, ಅದು ಒಂದು ದಿಗಂತದಲ್ಲಿ ಮೂಡಿ, ಆಕಾಶವನ್ನು ದಾಟಿ, ಇನ್ನೊಂದು ದಿಗಂತದಲ್ಲಿ ಮುಳುಗುವುದಕ್ಕೆ ಹೆಚ್ಚೆಂದರೆ ಹತ್ತು ಹನ್ನೆರಡು ನಿಮಿಷ. ಹಾಗೆಯೆ ಎಲ್ಲ ಸುತ್ತುಗಳಲ್ಲಿಯೂ ಅದು ನೆತ್ತಿಯ ಮೇಲೆ ಬರುವುದಿಲ್ಲ. ನಿಲುಗಡೆಯಲ್ಲಿ ನಿಲ್ಲದೆ ಹೋಗುವ ಬಸ್ಸಿನ ಕಿಟಕಿಗೆ ಓಡುತ್ತಲೇ ಚೀಟಿ ಕೊಡುವಂತಹ ಕೆಲಸವಿದು.

ಮಂಗಳನಲ್ಲಿ ಈ ವಿದ್ಯೆ ಪಳಗಿದೆ. 1976ರಲ್ಲಿ ವೈಕಿಂಗ್ ಎಂಬ ಎರಡು ಲ್ಯಾಂಡರುಗಳು ಅಲ್ಲಿಗಿಳಿದಾಗಲೇ ಮೇಲಿನ ಕಕ್ಷಾನೌಕೆಗಳು ಅವುಗಳ ಚಿತ್ರಗಳನ್ನು ಹೊತ್ತು ತಂದಿದ್ದವು. 2012ರಲ್ಲಿ ಇಳಿದ ಕ್ಯೂರಿಯಾಸಿಟಿ ರೋವರಿನ ಲೆಕ್ಕವನ್ನು ನೋಡಿದರೆ ಓಲೆಕಾರನ ಬೆಲೆ ತಿಳಿದೀತು. ಅದು ಭೂಮಿಯೊಡನೆ ನೇರವಾಗಿ ಮಾತನಾಡುವಾಗ ಸೆಕೆಂಡಿಗೆ 500ರಿಂದ 32,000 ಬಿಟ್‌ಗಳಷ್ಟು ಮಾಹಿತಿಯನ್ನು ಕಳಿಸಬಲ್ಲುದು. ಅದೇ ರೋವರು ಮೇಲೆ ಹಾಯುವ ಮಾರ್ಸ್ ರಿಕನೆಸೆನ್ಸ್ ಆರ್ಬಿಟರಿಗೆ ಕಳಿಸುವಾಗ ಸೆಕೆಂಡಿಗೆ 20 ಲಕ್ಷ ಬಿಟ್‌ಗಳವರೆಗೆ ಹೋಗಬಲ್ಲುದು. ಒಂದು ಹಾಯುವಿಕೆಯಲ್ಲಿ ದೊರೆಯುವ ಸಮಯ ಸುಮಾರು ಎಂಟು ನಿಮಿಷ. ಆ ಎಂಟು ನಿಮಿಷಗಳಲ್ಲಿ 10 ಕೋಟಿಯಿಂದ 25 ಕೋಟಿ ಬಿಟ್‌ಗಳು ಮೇಲೇರುತ್ತವೆ. ಇಷ್ಟನ್ನೇ ನೇರವಾಗಿ ಭೂಮಿಗೆ ಒಪ್ಪಿಸಹೊರಟರೆ 20 ತಾಸುಗಳವರೆಗೂ ಹಿಡಿಯಬಹುದು. ಆ ರೋವರು ಕಳಿಸಿದ ಮಂಗಳನ ಗುಡ್ಡಗಳ ಬಣ್ಣದ ಚಿತ್ರಗಳನ್ನು ಹಾನಗಲ್ಲಿನ ಶಾಲೆಯ ಹುಡುಗನೂ ಇಂದು ಕೈಯಲ್ಲಿನ ಫೋನಿನಲ್ಲಿ ನೋಡುತ್ತಾನೆ. ಅವುಗಳಲ್ಲಿ ಹೆಚ್ಚಿನವು ಈ ಎಂಟೆಂಟು ನಿಮಿಷಗಳ ಕೊಡುಗೆ.

ಈ ಮಾತುಕತೆಯ ರೀತಿಯೂ ಸ್ವಾರಸ್ಯವಾಗಿದೆ. ಕಕ್ಷಾನೌಕೆಯು ದಿಗಂತದ ಮೇಲೆ ಬಂದೊಡನೆ ಮೊದಲು ಕೂಗುತ್ತದೆ. ಕೆಳಗಿನ ಯಂತ್ರವು ಓಗೊಡುತ್ತದೆ. ಯಾವ ವೇಗದಲ್ಲಿ ಮಾತನಾಡೋಣವೆಂದು ಇಬ್ಬರೂ ಒಪ್ಪಿಕೊಳ್ಳುತ್ತಾರೆ. ಅನಂತರ ಮಾಹಿತಿಯು ಚಿಕ್ಕ ಚಿಕ್ಕ ಕಂತೆಗಳಾಗಿ ಮೇಲೇರುತ್ತದೆ. ಪ್ರತಿಯೊಂದು ಕಂತೆಗೂ ಕ್ರಮಸಂಖ್ಯೆ. ಯಾವುದಾದರೂ ಕಂತೆ ಕೆಟ್ಟಿದ್ದರೆ ಅಥವಾ ತಪ್ಪಿದ್ದರೆ, ಅದನ್ನು ಮತ್ತೆ ಕೊಡೆಂದು ಮೇಲಿನವನು ಕೇಳುತ್ತಾನೆ, ಕೆಳಗಿನವನು ಮತ್ತೆ ಕೊಡುತ್ತಾನೆ. ಟಪಾಲು ಕಚೇರಿಯ ರಿಜಿಸ್ಟರ್ಡ್ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವಂತೆ! ಇಷ್ಟೆಲ್ಲ ಮನುಷ್ಯರ ಕೈ ಸೋಂಕದೆ ನಡೆಯಬೇಕು; ಏಕೆಂದರೆ ಮಂಗಳನಿಂದ ಭೂಮಿಗೆ ಒಂದು ಮಾತು ಬರಲು ದೂರವನ್ನನುಸರಿಸಿ 3ರಿಂದ 22 ನಿಮಿಷ ಬೇಕು. ಅಷ್ಟು ಹೊತ್ತಿಗೆ ಓಲೆಕಾರನು ದಿಗಂತದಾಚೆ ಹೋಗಿರುತ್ತಾನೆ.

ಈ ಏರ್ಪಾಟಿನಲ್ಲಿ ಒಂದು ಸಣ್ಣ ತಪ್ಪು ನುಸುಳಿದರೆ ಏನಾದೀತು? ಶನಿಗ್ರಹದ ಕಡೆಗೆ ಹೋದ ಕ್ಯಾಸಿನಿ ನೌಕೆಯ ಕಥೆಯನ್ನು ಇಲ್ಲಿ ಕೊಂಚ ವಿಸ್ತಾರವಾಗಿಯೇ ಹೇಳಬೇಕು. 1997ರ ಅಕ್ಟೋಬರ್ 15ರಂದು ಹೊರಟ ಕ್ಯಾಸಿನಿಯು ತನ್ನ ಬೆನ್ನಿಗೆ ಹೈಗೆನ್ಸ್ ಎಂಬ ಐರೋಪ್ಯ ಶೋಧಕವನ್ನು ಕಟ್ಟಿಕೊಂಡು ನಡೆದಿತ್ತು. ಹೈಗೆನ್ಸ್ ಶನಿಯ ಚಂದ್ರನಾದ ಟೈಟನ್ನಿನ ಮೇಲೆ ಇಳಿಯತಕ್ಕದ್ದು. ಅದರ ಮಾತನ್ನು ಕ್ಯಾಸಿನಿ ಕೇಳಿ ಭೂಮಿಗೆ ಮುಟ್ಟಿಸತಕ್ಕದ್ದು. ಯಂತ್ರಗಳು ದಾರಿಯಲ್ಲಿದ್ದಾಗ, ಐರೋಪ್ಯ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದ ಸ್ವೀಡನ್ನಿನ ಎಂಜಿನಿಯರ್ ಬೋರಿಸ್ ಸ್ಮೇಡ್ಸ್ ಎಂಬವರಿಗೆ ಒಂದು ಸಂಶಯ ಹುಟ್ಟಿತು. ಇಡಿಯ ರೇಡಿಯೊ ಏರ್ಪಾಟನ್ನು ನಿಜವಾದ ಸಂದರ್ಭದಲ್ಲಿ ಇರುವಂತೆಯೇ ಯಾರೂ ಪರೀಕ್ಷಿಸಿರಲಿಲ್ಲ. ಪರೀಕ್ಷಿಸಲೇಬೇಕೆಂದು ಅವರು ಹಟ ಹಿಡಿದರು. 2000ದ ಫೆಬ್ರವರಿಯಲ್ಲಿ ಕ್ಯಾಲಿಫೋರ್ನಿಯದ ಗೋಲ್ಡ್‌ಸ್ಟೋನ್ ಆಂಟೆನಾದಿಂದ, ಹೈಗೆನ್ಸ್ ಮಾತನಾಡುವಂತೆಯೇ ನಟಿಸುವ ಸಂಕೇತವನ್ನು ಕ್ಯಾಸಿನಿಗೆ ಕಳಿಸಿ ನೋಡಿದರು. ಕ್ಯಾಸಿನಿಗೆ ದನಿ ಕೇಳಿಸಿತು, ಮಾತು ತಿಳಿಯಲಿಲ್ಲ.

ಕಾರಣವು ಹಳ್ಳಿಗರೂ ಬಲ್ಲದ್ದು. ಸವಣೂರು ತಾಲೂಕಿನ ಯಲವಿಗಿಯ ನಿಲ್ದಾಣದಲ್ಲಿ ನಿಂತು, ನಿಲ್ಲದೆ ಧಾವಿಸುವ ಗಾಡಿಯ ಸೀಟಿಯನ್ನು ಆಲಿಸಿದವರಿಗೆಲ್ಲ ಗೊತ್ತು: ಗಾಡಿಯು ಹತ್ತಿರ ಬರುವಾಗ ಸೀಟಿಯು ಕೀರಲಾಗಿರುತ್ತದೆ, ದೂರ ಸರಿಯುವಾಗ ದಪ್ಪವಾಗುತ್ತದೆ. ಇದೇ ಡಾಪ್ಲರ್ ಪರಿಣಾಮ. ಕ್ಯಾಸಿನಿಯು ಟೈಟನ್ನಿನ ಕಡೆಗೆ ಧಾವಿಸುವಾಗ ಹೈಗೆನ್ಸಿನ ಅಲೆಗಳ ಶ್ರುತಿಯೂ ಏರುತ್ತದೆಂಬುದು ಯಂತ್ರ ಕಟ್ಟಿದವರಿಗೆ ತಿಳಿಯದುದೇನಲ್ಲ. ಶ್ರುತಿಯ ಏರಿಕೆಗೆ ಬೇಕಾದ ಏರ್ಪಾಟನ್ನು ಅವರು ಮಾಡಿಯೇ ಇದ್ದರು. ಆದರೆ ಶ್ರುತಿಯೊಡನೆ ತಾಳವೂ ಬದಲಾಗುತ್ತದೆ. ಬಿಟ್‌ಗಳು ಒಂದರ ಹಿಂದೊಂದು ಬರುವ ಲಯವೂ ಬಿರುಸಾಗುತ್ತದೆ. ಆ ಲಯಕ್ಕೆ ಹೊಂದಿಕೊಳ್ಳುವ ಅವಕಾಶವನ್ನು ಗ್ರಾಹಕದಲ್ಲಿ ಸಾಲುವಷ್ಟು ಬಿಟ್ಟಿರಲಿಲ್ಲ. ಅದನ್ನು ದಾರಿಯಲ್ಲಿ ತಿದ್ದುವಂತೆಯೂ ಇರಲಿಲ್ಲ. ಶ್ರುತಿ ಹೊಂದಿಸಿಕೊಂಡು ತಾಳ ತಪ್ಪಿದ ಪಕ್ಕವಾದ್ಯದವನ ಗತಿ ಕ್ಯಾಸಿನಿಗೆ ಒದಗಿತ್ತು.

ಯಂತ್ರವನ್ನು ತಿದ್ದಲಾಗದಿದ್ದಾಗ ದಾರಿಯನ್ನೇ ತಿದ್ದಿದರು. ಟೈಟನ್ನನ್ನು ತೀರ ಸಮೀಪದಿಂದ ಹಾದುಹೋಗಬೇಕಾಗಿದ್ದ ಕ್ಯಾಸಿನಿಯು ಸುಮಾರು 60,000 ಕಿಲೋಮೀಟರು ದೂರದಿಂದ ಹಾದುಹೋಗುವಂತೆ ಮಾಡಿದರು. ಆಗ ಅದು ಹೈಗೆನ್ಸಿನ ಕಡೆಗೆ ಧಾವಿಸುವ ಬದಲು ಅದಕ್ಕೆ ಅಡ್ಡಲಾಗಿ ಸಾಗುತ್ತದೆ. ತಾಳದ ತೊಡಕು ಇಳಿಯುತ್ತದೆ. 2005ರ ಜನವರಿ 14ರಂದು ಹೈಗೆನ್ಸ್ ಪ್ಯಾರಾಶೂಟಿನ ನೆರವಿನಿಂದ ಎರಡೂವರೆ ತಾಸು ಇಳಿದು ಟೈಟನ್ನಿನ ನೆಲವನ್ನು ಮುಟ್ಟಿತು. ಮುಟ್ಟಿದ ಮೇಲೂ ಕ್ಯಾಸಿನಿಯು ದಿಗಂತಕ್ಕಿಳಿಯುವವರೆಗೆ ಒಂದು ತಾಸಿಗೆ ಮಿಕ್ಕಿ ಅದರ ದನಿ ಕೇಳಿಸಿತು. ಒಬ್ಬ ಮನುಷ್ಯನ ಹಟದಿಂದ ಉಳಿದ ದನಿಯದು.

ಆದರೂ ವಿಧಿಯು ತನ್ನ ಪಾಲನ್ನು ಬಿಡಲಿಲ್ಲ. ಹೈಗೆನ್ಸ್ ಎರಡು ದಾರಿಗಳಲ್ಲಿ ಮಾತನಾಡುತ್ತಿತ್ತು. ಅವುಗಳಲ್ಲಿ ಒಂದನ್ನು ಕೇಳುವ ಗ್ರಾಹಕವನ್ನು ತೆರೆಯುವಂತೆ ಕ್ಯಾಸಿನಿಗೆ ಕೊಡಬೇಕಾಗಿದ್ದ ಆಜ್ಞೆಯು ಪಟ್ಟಿಯಲ್ಲಿ ಸೇರದೆ ಬಿಟ್ಟುಹೋಗಿತ್ತು. ಸುಮಾರು 700 ಚಿತ್ರಗಳು ಬರಬೇಕಾಗಿದ್ದಲ್ಲಿ 350 ಬಂದವು. ಉಳಿದುವು ಟೈಟನ್ನಿನ ಆಕಾಶದಲ್ಲಿ ಹೇಳಲ್ಪಟ್ಟು, ಯಾರಿಗೂ ಕೇಳಿಸದೆ ಹೋದವು. ಅದೇ ದಾರಿಯನ್ನು ನೆಚ್ಚಿದ್ದ ಗಾಳಿಯ ವೇಗದ ಅಳತೆಯು ಮಾತ್ರ, ಭೂಮಿಯ ಮೇಲಿನ ದೊಡ್ಡ ರೇಡಿಯೊ ದೂರದರ್ಶಕಗಳು ಹೈಗೆನ್ಸಿನ ಕ್ಷೀಣವಾದ ಅಲೆಯನ್ನು ನೇರವಾಗಿ ಹಿಡಿದುದರಿಂದ, ಬಹುಮಟ್ಟಿಗೆ ಉಳಿಯಿತು. ಏಳು ವರುಷ ನಡೆದು, ಮರೆತ ಒಂದು ಸಾಲಿನಿಂದ ಅರ್ಧ ಚಿತ್ರಗಳನ್ನು ಕಳೆದುಕೊಳ್ಳುವುದೆಂದರೆ! ಊರಿನ ಕಾಗದಪತ್ರಗಳಲ್ಲಿ ಬಿಟ್ಟುಹೋದ ಒಂದು ಸಾಲಿಗಾಗಿ ಕಚೇರಿಯಿಂದ ಕಚೇರಿಗೆ ಅಲೆದ ರೈತನಿಗೆ ಈ ನೋವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇದಕ್ಕಿಂತಲೂ ಮನಸ್ಸನ್ನು ಕಲಕುವ ಕಥೆ ಬೀಗಲ್-2ರದು. ಆಂಗ್ಲ ವಿಜ್ಞಾನಿ ಕಾಲಿನ್ ಪಿಲಿಂಜರರ ಮುಂದಾಳುತನದಲ್ಲಿ ಸಿದ್ಧವಾದ ಆ ಪುಟ್ಟ ಲ್ಯಾಂಡರು 2003ರ ಡಿಸೆಂಬರ್ 25ರಂದು ಮಂಗಳನ ಮೇಲೆ ಇಳಿಯಬೇಕಾಗಿತ್ತು. ಜೇಬಿನ ಗಡಿಯಾರದಂತೆ ಮುಚ್ಚಿಕೊಂಡಿದ್ದ ಅದು, ಇಳಿದ ಮೇಲೆ ತೆರೆದು, ಸೌರಫಲಕಗಳನ್ನು ಒಂದೊಂದಾಗಿ ದಳಗಳಂತೆ ಬಿಡಿಸಬೇಕು. ಹಾನಗಲ್ಲಿನ ತಾರಕೇಶ್ವರ ದೇವಾಲಯದ ಒಳಮಾಡಿನಲ್ಲಿ ಕಲ್ಲಿನ ಕಮಲವನ್ನು ಕಂಡವರು ಅಂತಹ ಬಿಚ್ಚುವಿಕೆಯನ್ನು ಊಹಿಸಬಲ್ಲರು. ರೇಡಿಯೊ ಆಂಟೆನಾ ಇದ್ದುದು ಕೊನೆಯ ದಳದ ಅಡಿಯಲ್ಲಿ. ಅಂದು ಮೇಲೆ ಹಾದ ನೌಕೆಗಳು ಕೂಗಿದವು, ಉತ್ತರವಿಲ್ಲ. ದಿನಗಟ್ಟಲೆ, ವಾರಗಟ್ಟಲೆ ಕೂಗಿದವು, ಉತ್ತರವಿಲ್ಲ. ನೆಲಕ್ಕೆ ಬಡಿದು ನುಚ್ಚುನೂರಾಯಿತೆಂದು ಹಲವರು ತೀರ್ಮಾನಿಸಿದರು. ಪಿಲಿಂಜರರು 2014ರ ಮೇ ತಿಂಗಳಲ್ಲಿ ತೀರಿಕೊಂಡರು. 2015ರ ಜನವರಿಯಲ್ಲಿ, ಮಂಗಳವನ್ನು ಸುತ್ತುವ ನೌಕೆಯೊಂದು ತೆಗೆದ ಚಿತ್ರಗಳಲ್ಲಿ ಬೀಗಲ್-2 ಕಾಣಿಸಿತೆಂಬ ವಾರ್ತೆ ಹೊರಬಿದ್ದಿತು. ಅದು ಒಡೆದಿರಲಿಲ್ಲ! ಇಳಿದಿತ್ತು, ತೆರೆದಿತ್ತು, ದಳಗಳಲ್ಲಿ ಕೆಲವನ್ನು ಬಿಡಿಸಿಯೂ ಇತ್ತು. ಎಲ್ಲವೂ ಬಿಚ್ಚಿಕೊಳ್ಳದೆ ಹೋದುದರಿಂದ ಆಂಟೆನಾ ಮರೆಯಾಗಿಯೇ ಉಳಿದಿತ್ತು. ಸುರಕ್ಷಿತವಾಗಿ ಮುಟ್ಟಿದೆನೆಂಬ ಒಂದು ಮಾತನ್ನು ಓಲೆಕಾರನಿಗೆ ಒಪ್ಪಿಸಲಾಗದೆ ಅದು ಹನ್ನೊಂದು ವರುಷ ಸತ್ತವರ ಪಟ್ಟಿಯಲ್ಲಿತ್ತು.

ಮತ್ತೆ ನಮ್ಮ ನಾಡಿಗೆ ಬರಬೇಕು. 2019ರ ಸೆಪ್ಟೆಂಬರ್ 7ರ ನಡುರಾತ್ರಿ ಮೀರಿದ ಹೊತ್ತಿನಲ್ಲಿ, ಚಂದ್ರಯಾನ-2ರ ವಿಕ್ರಮ್ ಲ್ಯಾಂಡರು ಇಳಿಯುವುದನ್ನು ನೋಡಲು ದೇಶವೇ ಎಚ್ಚರವಾಗಿತ್ತು. ನೆಲಕ್ಕೆ 2.1 ಕಿಲೋಮೀಟರು ಎತ್ತರದವರೆಗೆ ಎಲ್ಲವೂ ಸರಿಯಾಗಿತ್ತೆಂದು, ಅಲ್ಲಿಂದಾಚೆ ಸಂಪರ್ಕ ಕಡಿಯಿತೆಂದು ಸಂಸ್ಥೆಯ ಅಧ್ಯಕ್ಷರು ತಿಳಿಸಿದರು. ಪೀಣ್ಯದ ಆ ಕೊಠಡಿಯ ಮೌನವನ್ನು ದೂರದರ್ಶನದಲ್ಲಿ ಕಂಡವರು ಮರೆಯಲಾರರು. ಮರುದಿನದಿಂದ ಆ ಯಾತ್ರೆಗೆ ಸೋಲೆಂಬ ಹೆಸರು ಅಂಟಿತು. ಆದರೆ ಅದೇ ರಾತ್ರಿ, ಅದೇ ಯಾತ್ರೆಯ ಕಕ್ಷಾನೌಕೆಯು ಕುಂದಿಲ್ಲದೆ ಚಂದ್ರನನ್ನು ಸುತ್ತುತ್ತಿತ್ತು. ಅದಕ್ಕೆ ಮೊದಲು ಗೊತ್ತುಮಾಡಿದ್ದ ಆಯುಸ್ಸು ಒಂದು ವರುಷ. ಉಡಾವಣೆಯೂ ಪಥದ ತಿದ್ದುಗೆಗಳೂ ಅಚ್ಚುಕಟ್ಟಾಗಿ ನಡೆದುದರಿಂದ ಇಂಧನವುಳಿದು, ಸುಮಾರು ಏಳು ವರುಷ ಬಾಳಬಲ್ಲುದೆಂದು ಲೆಕ್ಕ ಹಾಕಲಾಯಿತು. ಯಾರ ಮಾತನ್ನು ಹೊರಲು ಬಂದಿತ್ತೋ ಆ ಒಡನಾಡಿಯನ್ನು ಕಳೆದುಕೊಂಡ ಓಲೆಕಾರನು, ಖಾಲಿ ಚೀಲದೊಡನೆ ತನ್ನ ದಾರಿಯನ್ನು ಬಿಡದೆ ನಡೆದನು. ಸೋಲೆಂದು ಕೈಬಿಡಬಹುದಾಗಿದ್ದ ಯಾತ್ರೆಯೊಂದು ಮುಂದಿನ ಯಾತ್ರೆಗೆ ಸಿದ್ಧ ಬಂಡವಾಳವಾದುದು ಹೀಗೆ. ಗೆಲುವಿನ ಲೆಕ್ಕ ಬರೆಯುವವರು ಈ ಜಮೆಯನ್ನು ಕಾಣಿಸದೆ ಬಿಟ್ಟರೆ ಅದು ಅನ್ಯಾಯ.

ಚಂದ್ರಯಾನ-3ನ್ನು ಯೋಜಿಸುವಾಗ ಹೊಸ ಕಕ್ಷಾನೌಕೆಯನ್ನು ಕಟ್ಟುವ ಅಗತ್ಯವೇ ಬೀಳಲಿಲ್ಲ. ಮೇಲೆ ಹಳಬನಿದ್ದನು. ಅವನ ಕ್ಯಾಮರಾ ಚಂದ್ರನ ನೆಲದ ಮೇಲಿನ ಕಾಲು ಮೀಟರಿನ ಕಲ್ಲನ್ನೂ ಗುರುತಿಸಬಲ್ಲಷ್ಟು ಸೂಕ್ಷ್ಮವಾದುದು. ಇಳಿಯುವ ಸ್ಥಳವನ್ನು ಆಯುವುದಕ್ಕೂ ಅದರ ಚಿತ್ರಗಳು ನೆರವಾದವು. ಒಂದು ಮಾತನ್ನು ಮಾತ್ರ ಸ್ಪಷ್ಟಪಡಿಸಬೇಕು. ಹೊಸ ವಿಕ್ರಮನು ಎಲ್ಲ ಮಾತನ್ನೂ ಕಕ್ಷಾನೌಕೆಯ ಮೂಲಕವೇ ಆಡಿದನೆಂದು ತಿಳಿಯುವುದು ತಪ್ಪು. ಬ್ಯಾಲಾಳಿನೊಡನೆ ನೇರವಾದ ಮಾತು ಮೊದಲ ದಾರಿ. ಚಂದ್ರನು ಕರ್ನಾಟಕದ ದಿಗಂತದ ಕೆಳಗಿರುವಾಗ ಕೇಳಿಸಿಕೊಳ್ಳಲು ಅಮೆರಿಕದ ಮತ್ತು ಯೂರೋಪಿನ ಸಂಸ್ಥೆಗಳ ಆಂಟೆನಾಗಳು ಬೇರೆ ಖಂಡಗಳಿಂದ ನೆರವು ನೀಡಿದವು. ಕಕ್ಷಾನೌಕೆಯದು ಆಪತ್ಕಾಲದ ದಾರಿ. ಆದರೆ 2019ರ ಆ ರಾತ್ರಿಯನ್ನು ಕಂಡವರಿಗೆ ಆಪತ್ಕಾಲವೆಂಬುದು ಬರಿಯ ಶಬ್ದವಾಗಿರಲಿಲ್ಲ.

ಆಗಸ್ಟ್ 23, ಶ್ರಾವಣ ಶುದ್ಧ ಸಪ್ತಮಿ. ಸಂಜೆ 6 ಗಂಟೆ 4 ನಿಮಿಷಕ್ಕೆ ವಿಕ್ರಮನು ಚಂದ್ರನ ದಕ್ಷಿಣ ಭಾಗದಲ್ಲಿ, 69 ಡಿಗ್ರಿ ಅಕ್ಷಾಂಶದ ಬಳಿ ನೆಲ ಮುಟ್ಟಿದನು. ಆ ಹೊತ್ತಿನಲ್ಲಿ ಅರ್ಧಚಂದ್ರನು ಈ ಸೀಮೆಯ ತೆಂಕಣ ಆಕಾಶದಲ್ಲಿಯೇ ಇದ್ದನು. ಅಲ್ಲಿಂದ ಹೊರಟ ಮಾತು ಬ್ಯಾಲಾಳನ್ನು ಮುಟ್ಟಲು ಬೇಕಾದುದು ಒಂದೂಕಾಲು ಸೆಕೆಂಡು. ಅಂದೇ ಕಕ್ಷಾನೌಕೆಯ ಕ್ಯಾಮರಾ ಮೇಲಿನಿಂದ ನೋಡಿ, ಇಳಿದ ತಮ್ಮನ ಚಿತ್ರವನ್ನು ತೆಗೆಯಿತು.

ಓಲೆಕಾರನ ಕೆಲಸ ಅಲ್ಲಿಗೆ ಮುಗಿಯಲಿಲ್ಲ. ಈಗ ವಿಕ್ರಮನೇ ಓಲೆಕಾರನಾದನು. ವಿಕ್ರಮನ ಒಡಲಿನಿಂದ ಇಳಿದ 26 ಕಿಲೋಗ್ರಾಮಿನ ಪ್ರಜ್ಞಾನ್ ರೋವರಿಗೆ ಭೂಮಿಯೊಡನೆ ಮಾತನಾಡುವ ಬಲವಿರಲಿಲ್ಲ. ಅದು ಬಲ್ಲುದು ವಿಕ್ರಮನೊಬ್ಬನನ್ನೇ. ಅದು ಮಣ್ಣಿನಲ್ಲಿ ಗಂಧಕವನ್ನು ಕಂಡುದೂ, ಮುಂದೆ ಗುಳಿಯಿದೆಯೆಂದು ದಾರಿ ಬದಲಿಸಿದುದೂ, ನೂರು ಮೀಟರು ನಡೆದುದೂ ವಿಕ್ರಮನ ಬಾಯಿಂದಲೇ ಬೆಂಗಳೂರಿಗೆ ಗೊತ್ತಾದದ್ದು. ಆಗಸ್ಟ್ 30ರಂದು ಪ್ರಜ್ಞಾನ್ ದೂರ ನಿಂತು ವಿಕ್ರಮನ ಭಾವಚಿತ್ರವೊಂದನ್ನು ತೆಗೆಯಿತು. ಕಲ್ಲುನೆಲದ ಮೇಲೆ ನಾಲ್ಕು ಕಾಲೂರಿ ನಿಂತ ವಿಕ್ರಮ. ಆ ಚಿತ್ರವನ್ನು ವಾಚಕರೆಲ್ಲರೂ ನೋಡಿರುತ್ತಾರೆ. ಅದನ್ನು ಭೂಮಿಗೆ ಹೊತ್ತು ತಂದವನೂ ವಿಕ್ರಮನೇ. ತನ್ನ ಚಿತ್ರವನ್ನು ತಾನೇ ಟಪಾಲಿಗೆ ಹಾಕಬೇಕಾದ ಪ್ರಸಂಗ!

ಸೆಪ್ಟೆಂಬರ್ 2ರಂದು ರೋವರನ್ನು ಮಲಗಿಸಿದರು. ಮಲಗಿಸುವ ಮುನ್ನ ಅದರ ಉಪಕರಣಗಳು ಕೂಡಿಟ್ಟದ್ದನ್ನೆಲ್ಲ ಲ್ಯಾಂಡರಿನ ಮೂಲಕ ಭೂಮಿಗೆ ತಲುಪಿಸಿಕೊಂಡರು. ಮರುದಿನ ವಿಕ್ರಮನು ಎಂಜಿನ್ನುಗಳನ್ನು ಉರಿಸಿ ಸುಮಾರು 40 ಸೆಂಟಿಮೀಟರು ಮೇಲಕ್ಕೆ ನೆಗೆದು ಮತ್ತೆ ನಿಂತನು. 4ರಂದು ಅವನೂ ಮಲಗಿದನು. ಚಂದ್ರನಲ್ಲಿ ರಾತ್ರಿಯೆಂದರೆ ಹದಿನಾಲ್ಕು ದಿನಗಳ ಕತ್ತಲೆ; ಚಳಿಯು ಸೊನ್ನೆಗಿಂತ ನೂರು ಡಿಗ್ರಿಗೂ ಮಿಕ್ಕಿ ಕೆಳಗಿಳಿಯುತ್ತದೆ. ಬೆಳಗಾದ ಮೇಲೆ ಸೆಪ್ಟೆಂಬರ್ 22ರಂದು ಬೆಂಗಳೂರಿನಿಂದ ಕೂಗಿ ನೋಡಿದರು. ಉತ್ತರ ಬರಲಿಲ್ಲ. ಅನಂತರವೂ ಕೂಗಿದರು. ಬರಲಿಲ್ಲ.

ವಿಕ್ರಮನ ಮೈಮೇಲೆ ವಿದ್ಯುತ್ತಾಗಲಿ ರೇಡಿಯೊವಾಗಲಿ ಬೇಡದ ಒಂದು ವಸ್ತುವಿತ್ತು. ಅಂಗೈಯಲ್ಲಿ ಅಡಗುವಷ್ಟು ಚಿಕ್ಕದು. ಎಂಟು ಗಾಜಿನ ಪಟ್ಟಕಗಳನ್ನು ಕೂಡಿಸಿದ್ದು. ಅಮೆರಿಕದ ನಾಸಾ ಸಂಸ್ಥೆಯು ಅದನ್ನು ಕೊಟ್ಟಿತ್ತು. ಯಾವ ದಿಕ್ಕಿನಿಂದ ಬೆಳಕು ಬಂದರೂ ಬಂದ ದಿಕ್ಕಿಗೇ ಹಿಂದಿರುಗಿಸುವುದು ಅದರ ಗುಣ. 2023ರ ಡಿಸೆಂಬರ್ 12ರಂದು, ಚಂದ್ರನನ್ನು ಸುತ್ತುತ್ತಿದ್ದ ನಾಸಾದ ಇನ್ನೊಂದು ನೌಕೆಯು ಸುಮಾರು 100 ಕಿಲೋಮೀಟರು ದೂರದಿಂದ ವಿಕ್ರಮನಿದ್ದ ಕಡೆಗೆ ಲೇಸರ್ ಬೆಳಕನ್ನು ಹಾಯಿಸಿತು. ಆ ಬೆಳಕಿನ ಒಂದು ಕಿರಿಯ ಪಾಲು ಗಾಜಿಗೆ ತಾಗಿ, ಮರಳಿ ನೌಕೆಗೆ ಬಂದು ಸೇರಿತು.